ನಿರ್ದೇಶಕ ದ್ರವ್ಯದ ಏಕರೂಪತೆ: ಬಾಟಲಿಯಿಂದ ಬಾಟಲಿಗೆ ಎಷ್ಟು ಅಂತರ?

ಬೆಳಗಾವಿ, ಶಿವಮೊಗ್ಗಗಳ ಫೌಂಡ್ರಿಗಳಲ್ಲಿ ಎರಕದ ಕಬ್ಬಿಣವನ್ನು ಪರೀಕ್ಷಿಸುವ ಉಪಕರಣವು ಎಷ್ಟೇ ಬೆಲೆಯುಳ್ಳದ್ದಾದರೂ, ಅದು ತೋರುವ ಅಂಕಿಯ ವಿಶ್ವಾಸಾರ್ಹತೆಯು ಪ್ರಮಾಣೀಕೃತ ನಿರ್ದೇಶಕ ದ್ರವ್ಯವನ್ನು ಅವಲಂಬಿಸಿರುತ್ತದೆ. ಮಾರುವವನೂ ಕೊಳ್ಳುವವನೂ ಒಂದೇ ತಯಾರಿಕೆಯ ಎರಡು ಬಾಟಲಿಗಳನ್ನು ಬಳಸಿದಾಗ ಆ ಬಾಟಲಿಗಳೇ ಪರಸ್ಪರ ಭಿನ್ನವಾಗಿದ್ದರೆ, ನಿರ್ದೋಷಿಯಾದ ಸರಕು ತಿರಸ್ಕೃತವಾಗಬಹುದು.

ಈ ವ್ಯವಸ್ಥೆಯ ಮೂಲವೂ ಎರಕದ ಉದ್ಯಮವೇ. ಅಮೆರಿಕದ ಫೌಂಡ್ರಿ ಉದ್ಯಮಿಗಳ ಕೋರಿಕೆಯಂತೆ ಅಲ್ಲಿನ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 1906ರ ಸುಮಾರಿಗೆ ಎರಕದ ಕಬ್ಬಿಣದ ಮಾದರಿಗಳನ್ನು ಒದಗಿಸಿತು. ಬೂದು ಕಬ್ಬಿಣದ ಚೂರುಗಳಿಂದ ಸೂಕ್ಷ್ಮ ಗ್ರಾಫೈಟ್ ಬೇರ್ಪಡುವುದರಿಂದ ಇದು ಸುಲಭದ ದ್ರವ್ಯವಲ್ಲ.

ಎಲ್ಲ ಬಾಟಲಿಗಳನ್ನೂ ಪರೀಕ್ಷಿಸಿದರೆ ಮಾರಲು ಏನೂ ಉಳಿಯದು. ಆದ್ದರಿಂದ ಐಎಸ್ಒ ಗೈಡ್ 35ರ 2017ರ ಆವೃತ್ತಿಯು ಕನಿಷ್ಠ 10 ಬಾಟಲಿಗಳನ್ನು, ತಯಾರಿಕೆ ದೊಡ್ಡದಾದರೆ ಒಟ್ಟು ಸಂಖ್ಯೆಯ ಘನಮೂಲದಷ್ಟನ್ನು, ಆರಿಸಲು ಸೂಚಿಸಿತು. ತುಂಬಿಸಿದ ಅನುಕ್ರಮದ ಆದಿ, ಮಧ್ಯ, ಅಂತ್ಯಗಳಿಂದಲೂ ಆಯ್ಕೆ ನಡೆಯಬೇಕು. ಪ್ರತಿ ಬಾಟಲಿಯಿಂದ ಎರಡಾದರೂ ಅಳತೆಗಳು ಬೇಕು. ಅಳೆಯುವ ಕ್ರಮವು ಮಾತ್ರ ಯಾದೃಚ್ಛಿಕವಾಗಿರಬೇಕು. 1, 2, 3 ಎಂದು ಸಾಲಾಗಿ ಅಳೆದರೆ, ದಿನವಿಡೀ ನಿಧಾನವಾಗಿ ಜಾರುವ ಉಪಕರಣದ ದೋಷವು ಬಾಟಲಿಗಳ ತಲೆಗೆ ಬರುತ್ತದೆ. ಖರ್ಚಿಲ್ಲದ ಈ ಎಚ್ಚರಿಕೆಯನ್ನೇ ಅನೇಕರು ಕಡೆಗಣಿಸುವುದು ವಿಚಿತ್ರ.

ಫಲಿತಾಂಶಗಳನ್ನು ಅನೋವಾ ಎಂಬ ಪ್ರಸರಣ ವಿಶ್ಲೇಷಣೆಗೆ ಒಳಪಡಿಸಲಾಗುತ್ತದೆ. ಉದಾಹರಣೆಗೆ, 10 ಬಾಟಲಿ, ತಲಾ 2 ಅಳತೆ, ಇಂಗಾಲ ಶೇ. 3.30. ಬಾಟಲಿಗಳ ನಡುವಣ ಸರಾಸರಿ ವರ್ಗ 0.0006, ಬಾಟಲಿಯೊಳಗಿನದು 0.0002 ಎಂದಿಟ್ಟುಕೊಳ್ಳೋಣ. ಇವುಗಳ ಅನುಪಾತ 3.00; ಶೇ. 5ರ ಮಟ್ಟದ ಮಿತಿ 3.02. ಪರೀಕ್ಷೆಯಲ್ಲಿ ದ್ರವ್ಯವು ಕೂದಲೆಳೆಯಲ್ಲಿ ಪಾರಾಯಿತು. ಆದರೆ ವ್ಯತ್ಯಾಸವಾದ 0.0004ನ್ನು 2ರಿಂದ ಭಾಗಿಸಿ ವರ್ಗಮೂಲ ತೆಗೆದರೆ, ಬಾಟಲಿಗಳ ನಡುವಣ ಪ್ರಮಾಣ ವಿಚಲನೆ ಶೇ. 0.014ರಷ್ಟು ಉಳಿದೇ ಇದೆ! "ಏಕರೂಪವಾಗಿದೆ" ಎಂದು ಬರೆದು ಕೈತೊಳೆದುಕೊಳ್ಳದೆ, ಇದನ್ನು ಪ್ರಮಾಣಪತ್ರದ ಅನಿಶ್ಚಿತತೆಯಲ್ಲಿ ಸೇರಿಸುವುದೇ ಪ್ರಾಮಾಣಿಕ ಕ್ರಮ.

ದ್ರವ್ಯವನ್ನು ಕೊಳ್ಳುವ ಉದ್ಯಮಿಗಳು ತಯಾರಕರಿಗೆ ಐಎಸ್ಒ 17034 ಮಾನ್ಯತೆಯಿದೆಯೇ, ಅನಿಶ್ಚಿತತೆಯಲ್ಲಿ ಈ ಅಂಶ ಸೇರಿದೆಯೇ ಎಂದು ವಿಚಾರಿಸುವುದು ಒಳಿತು. ಕನಿಷ್ಠ ಮಾದರಿ ತೂಕವನ್ನೂ ಗಮನಿಸಬೇಕು: 0.5 ಗ್ರಾಂ ಎಂದಿರುವಲ್ಲಿ 0.1 ಗ್ರಾಂ ತೂಗಿದರೆ ಪ್ರಮಾಣಪತ್ರದ ಭರವಸೆ ಅನ್ವಯಿಸುವುದಿಲ್ಲ.