ತೊಳೆಯದ ತಟ್ಟೆಯ ಕೆಂಪು

ಗೋವಾದ ವಾಸ್ಕೊದಲ್ಲಿ ಒಂದು ಔಷಧಿ ಅಂಗಡಿ. ಹೊರಗೆ ಜೂನ್ ಮಳೆ, ಕೌಂಟರಿನ ಮುಂದೆ ಕೊಡೆ ಮಡಚುತ್ತ ನಿಂತ ಗಿರಾಕಿಗಳು. ಮಾಲೀಕರು ಗದಗ ಕಡೆಯವರು. ಊರವರ ಜೊತೆ ಕೊಂಕಣಿ, ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯವರ ಜೊತೆ ಕನ್ನಡ. ನಾನು ಅವರಿಗೆ ಬರೆದುಕೊಟ್ಟ ಸ್ಟಾಕ್ ಪ್ರೋಗ್ರಾಂನಲ್ಲಿ ಎಕ್ಸ್‌ಪೈರಿ ದಾಟಿದ ಔಷಧಿಯ ಸಾಲು ಕೆಂಪಾಗಬೇಕು. ಆಗುತ್ತಲೂ ಇತ್ತು. ಆದರೆ ಅವರು ಮೌಸಿನ ಚಕ್ರ ತಿರುಗಿಸಿ ಪಟ್ಟಿಯನ್ನು ಕೆಳಗೆ ಓಡಿಸಿ ಮತ್ತೆ ಮೇಲಕ್ಕೆ ತಂದರು.

"ನೋಡ್ರಿ ಸರ್, ಈ ಪ್ಯಾರಾಸಿಟಮಾಲ್ ಮೊನ್ನೆ ಬಂದ ಮಾಲು. ಇದ್ಯಾಕ ಕೆಂಪಾತು?"

ಓಡಿಸಿದಷ್ಟೂ ಕೆಂಪು ಸಾಲುಗಳು ಹೆಚ್ಚುತ್ತ ಹೋದವು. ಹಾಳಾದ ಔಷಧಿಗೂ ಒಳ್ಳೆಯದಕ್ಕೂ ಒಂದೇ ಬಣ್ಣವಾದರೆ ಆ ಬಣ್ಣವನ್ನು ಯಾರು ನಂಬುತ್ತಾರೆ?

ಕಾರಣ ಪಟ್ಟಿಯ ಒಳಗಿನ ಕೆಲಸದಲ್ಲಿದೆ. ಅಂಗಡಿಯಲ್ಲಿ ನಾಲ್ಕು ಸಾವಿರ ಬಗೆಯ ಔಷಧಿ ಇದ್ದರೂ ಪರದೆಯ ಮೇಲೆ ಒಂದು ಹೊತ್ತಿಗೆ ಕಾಣುವುದು ಮೂವತ್ತೇ ಸಾಲು. ಪ್ರತಿ ಸಾಲಿಗೂ ಹಿನ್ನೆಲೆ, ಅಂಚು, ಕೋಶ, ಅಕ್ಷರ ಎಂದು ಹತ್ತಾರು ತುಣುಕುಗಳು. ನಾಲ್ಕು ಸಾವಿರ ಸಾಲನ್ನೂ ಕಟ್ಟಿ ಕೂರಿಸಿದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಹಾಗಾಗಿ ಅದು ಕಣ್ಣಿಗೆ ಕಾಣುವಷ್ಟು ಸಾಲುಗಳನ್ನು, ಜೊತೆಗೆ ಕೆಲವು ಹೆಚ್ಚುವರಿಗಳನ್ನು ಮಾತ್ರ ಮಾಡಿಕೊಳ್ಳುತ್ತದೆ. ಮೇಲೆ ಮರೆಯಾದ ಸಾಲನ್ನು ಕೆಳಗೆ ತಂದು ಬೇರೆ ಔಷಧಿಯ ಹೆಸರು ತುಂಬುತ್ತದೆ. ಉಡುಪಿ ಹೋಟೆಲಿನ ತಟ್ಟೆಗಳಂತೆ: ದಿನಕ್ಕೆ ಸಾವಿರ ಜನ ಉಂಡರೂ ತಟ್ಟೆ ನೂರೇ ಸಾಕು, ಉಂಡೆದ್ದವರ ತಟ್ಟೆ ತೊಳೆದು ಮುಂದಿನವರಿಗೆ ಬಡಿಸುತ್ತಾರೆ.

ನಾನು ತೊಳೆಯುವುದನ್ನು ಬಿಟ್ಟಿದ್ದೆ. ಪ್ರೋಗ್ರಾಂ ಕಟ್ಟಿದ್ದು ಮೈಕ್ರೋಸಾಫ್ಟ್‌ನ ಡಬ್ಲ್ಯುಪಿಎಫ್‌ನಲ್ಲಿ. ಅದು ಬಂದದ್ದು 2006ರಲ್ಲಿ. ಅದರ ಡೇಟಾಗ್ರಿಡ್ ಎಂಬ ಪಟ್ಟಿ 2010ರಲ್ಲಿ ಸೇರಿತು. ಸಾಲಿಗೆ ಹೊಸ ಔಷಧಿ ಬಂದಾಗಲೆಲ್ಲ ಡೇಟಾಗ್ರಿಡ್ 'ಲೋಡಿಂಗ್‌ರೋ' ಎಂದು ಕೂಗಿ ತಿಳಿಸುತ್ತದೆ. ಆಗ ನಾನು 'ಎಕ್ಸ್‌ಪೈರಿ ದಾಟಿದ್ದರೆ ಕೆಂಪು ಬಳಿ' ಎಂದು ಬರೆದಿದ್ದೆ. 'ದಾಟಿರದಿದ್ದರೆ ಬಣ್ಣ ತೆಗೆ' ಎಂಬ ಇನ್ನರ್ಧ ಬರೆದಿರಲಿಲ್ಲ. ಹಿಂದಿನವರ ಎಂಜಲು ಪ್ಯಾರಾಸಿಟಮಾಲಿನ ತಟ್ಟೆಯಲ್ಲಿ ಉಳಿದಿತ್ತು.

ಇನ್ನರ್ಧ ಸೇರಿಸಿದರೆ ಕೆಲಸ ಮುಗಿಯುತ್ತಿತ್ತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ದಾರಿ. ಬಣ್ಣ ಬಳಿಯುವ ಕೆಲಸವನ್ನೇ ಬಿಟ್ಟು, 'ಡೇಟಾಟ್ರಿಗರ್' ಎಂಬ ನಿಯಮ ಬರೆಯುವುದು. ಪ್ರತಿ ಔಷಧಿಯ ದಾಖಲೆಯೂ 'ಅವಧಿ ಮುಗಿದಿದೆಯೇ?' ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎನ್ನುತ್ತದೆ. ಹೌದು ಎಂದಷ್ಟು ಹೊತ್ತು ಸಾಲು ಕೆಂಪು. ಉತ್ತರ ಬದಲಾದ ಕೂಡಲೇ ಬಣ್ಣ ತಾನಾಗಿ ಕಳಚಿಕೊಳ್ಳುತ್ತದೆ. ವಿಷಯವನ್ನೂ ಅದರ ತೋರಿಕೆಯನ್ನೂ ಬೇರೆಬೇರೆ ಇಡಬೇಕೆಂಬ ಯೋಚನೆಯನ್ನು ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ 1979ರಲ್ಲೇ ಅಮೆರಿಕದ ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ರೂಪಿಸಿದ್ದರು. ಕೆಂಪು ಔಷಧಿಯ ಗುಣ, ಸಾಲಿನದಲ್ಲ.

ಈ ನಿಯಮದ ಒಳಗಿನ ಲೆಕ್ಕವನ್ನು ಕಲಿಸಿದವರು ಮಾಲೀಕರೇ. ಸ್ಟ್ರಿಪ್ಪಿನ ಹಿಂದೆ ಬರೀ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಜೂನ್ ಎಂದಿದ್ದರೆ ನಾನು ಜೂನ್ 1 ಎಂದು ಹಿಡಿದಿದ್ದೆ. ಅವರು ಒಂದು ಸ್ಟ್ರಿಪ್ ತಿರುಗಿಸಿ ಬೆರಳಿಟ್ಟರು: "ಇದು ಜೂನ್ ಮೂವತ್ತರ ತನಕ ನಡೀತೈತ್ರಿ." ನಮ್ಮ ದೇಶದ ಔಷಧಿ ನಿಯಮವೂ ಅದೇ, ಆ ತಿಂಗಳ ಕೊನೆಯ ದಿನದವರೆಗೆ. ನನ್ನ ಲೆಕ್ಕದಲ್ಲಿ ಒಳ್ಳೆಯ ಮಾಲು ಒಂದು ತಿಂಗಳು ಮೊದಲೇ ಸತ್ತಿತ್ತು.

ಇನ್ನೊಂದು ತೊಡಕು ಕಾಣಿಸಿತು. ಸಾಲನ್ನು ಕ್ಲಿಕ್ ಮಾಡಿದರೆ ಆಯ್ಕೆಯ ನೀಲಿ ಮೇಲೆ ಬಂದು ಕೆಂಪನ್ನು ಮುಚ್ಚುತ್ತದೆ. ಬಿಲ್ಲಿಗೆ ಹಾಕಲು ಕೈ ಇಟ್ಟ ಸಾಲಿನಲ್ಲೇ ಎಚ್ಚರಿಕೆ ಮಾಯ! ಕೆಂಪು ಹಸಿರಿನ ಭೇದ ಕಾಣದ ಕಣ್ಣುಗಳೂ ಇವೆ. ಯುರೋಪಿನ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ತೊಂದರೆ. ಬಣ್ಣ ಒಂದರ ಮೇಲೇ ಭಾರ ಹಾಕಬಾರದು ಎಂದು ಸಾಲಿನ ಮೊದಲ ಕೋಶದಲ್ಲಿ 'ಮುಗಿದಿದೆ' ಎಂದು ದಪ್ಪಕ್ಷರದಲ್ಲಿ ಬರೆಸಿದೆ.

ಆಮೇಲೂ ಒಂದು ಉಳಿದಿತ್ತು. ಅಂಗಡಿಯವರು ರಾತ್ರಿ ಕಂಪ್ಯೂಟರ್ ಆರಿಸುವುದಿಲ್ಲ. ಮಧ್ಯರಾತ್ರಿ ತಾರೀಖು ಬದಲಾದರೂ ದಾಖಲೆಯಲ್ಲಿ ಏನೂ ಬದಲಾಗುವುದಿಲ್ಲ. ಯಾರಾದರೂ ಬಂದು ಹೇಳದೆ ಟ್ರಿಗರ್ ಮತ್ತೆ ಪ್ರಶ್ನೆ ಕೇಳುವುದಿಲ್ಲ. ರಾತ್ರಿ ಹನ್ನೆರಡು ದಾಟಿದ ಕೂಡಲೇ ಪ್ರತಿ ದಾಖಲೆಗೂ 'ನಿನ್ನ ಉತ್ತರ ಬದಲಾಗಿರಬಹುದು, ಸಾರಿ ಹೇಳು' ಎನ್ನುವ ಟೈಮರ್ ಒಂದನ್ನು ಇಟ್ಟೆ.

ಜುಲೈ 1ರ ಬೆಳಿಗ್ಗೆ ನಾನೂ ಅಂಗಡಿಯಲ್ಲಿದ್ದೆ. ಶಟರ್ ಎತ್ತಿದಾಗ ಪರದೆಯಲ್ಲಿ ಮೂರು ಸಾಲು ಹೊಸದಾಗಿ ಕೆಂಪಾಗಿದ್ದವು. ಮಾಲೀಕರು ಪಟ್ಟಿಯನ್ನು ಕೊನೆಯ ತನಕ ಓಡಿಸಿ ಮತ್ತೆ ಮೇಲಕ್ಕೆ ತಂದರು, ಮೂರು ಮೂರೇ. ಕೆಲಸದ ಹುಡುಗ ಏಣಿ ಹತ್ತಿ ಆ ಮೂರು ಡಬ್ಬಿ ಇಳಿಸಿ, ಸ್ಟಾಕಿಸ್ಟರಿಗೆ ವಾಪಸು ಹೋಗುವ ಪೆಟ್ಟಿಗೆಗೆ ಹಾಕಿದ.