ಎಂಟು ಮಂದಿಗೆ ಬರೆದ ಉತ್ತರ

ಮಾರ್ಟಿನ್ ಲೂಥರ್ ಕಿಂಗ್ ಎಂದೊಡನೆ 1963ರ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಜನಸ್ತೋಮದೆದುರು ಅವರು ಮಾಡಿದ ಕನಸಿನ ಭಾಷಣವನ್ನು ನೆನೆಯುವವರು ಅನೇಕರಿದ್ದಾರೆ. ಅದಕ್ಕೆ ನಾಲ್ಕು ತಿಂಗಳು ಮೊದಲು ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದ ಸೆರೆಮನೆಯಲ್ಲಿ ಅವರು ಬರೆದ ಪತ್ರದಿಂದ ಒಂದೆರಡು ಸೂಕ್ತಿಗಳನ್ನು ಕಿತ್ತು ಗೋಡೆಗೆ ತೂಗುಹಾಕುವವರೂ ಇದ್ದಾರೆ. ಆದರೆ ಆ ಪತ್ರವು ಯಾರಿಗೆ ಬರೆದದ್ದು, ಯಾವ ಮಾತಿಗೆ ಕೊಟ್ಟ ಉತ್ತರವೆಂದು ವಿಚಾರಿಸುವ ವ್ಯವಧಾನ ಮಾತ್ರ ಯಾರಿಗೂ ಇದ್ದಂತಿಲ್ಲ. ಪೂರ್ವಪಕ್ಷವನ್ನು ಬಿಸುಟು ಸಿದ್ಧಾಂತವನ್ನಷ್ಟೇ ಉಳಿಸಿಕೊಂಡರೆ ವಾದದ ಸೊಗಸು ಕಾಣುವುದೆಂತು?

ಏಪ್ರಿಲ್ 12, ಶುಭ ಶುಕ್ರವಾರ. ವರ್ಣವಿಭಜನೆಯ ವಿರುದ್ಧ ಕರಿಯರ ಚಳವಳಿ ನಡೆದಿದ್ದ ಆ ನಗರದಲ್ಲಿ ಮೆರವಣಿಗೆ ಕೂಡದೆಂಬ ನ್ಯಾಯಾಲಯದ ತಡೆಯಾಜ್ಞೆಯನ್ನು ತಿಳಿದೂ ತಿಳಿದೂ ಮೀರಿದ ಕಿಂಗ್ ಅವರು, ಗೆಳೆಯ ರಾಲ್ಫ್ ಅಬರ್ನಥಿಯವರೊಡನೆ ಬಂಧಿತರಾಗಿ, ಏಕಾಂತದ ಕೋಣೆಯೊಂದನ್ನು ಸೇರಿದರು. ಅದೇ ದಿನಾಂಕವನ್ನು ಹೊತ್ತು ಎಂಟು ಮಂದಿ ಬಿಳಿಯ ಧರ್ಮಗುರುಗಳ ಹೇಳಿಕೆಯೊಂದು ಹೊರಟಿತು. ಏಳು ಮಂದಿ ಕ್ರೈಸ್ತರು, ಒಬ್ಬರು ಯೆಹೂದಿ ರಬ್ಬಿ. ಚಳವಳಿಯು ಅವಿವೇಕದ್ದು, ಅಕಾಲಿಕವಾದದ್ದು. ಅದರಲ್ಲಿ ಹೊರಗಿನವರ ಕೈವಾಡವಿದೆ. ಹಕ್ಕುಗಳನ್ನು ನ್ಯಾಯಾಲಯದಲ್ಲಿ ಕೇಳಬೇಕಲ್ಲದೆ ಬೀದಿಯಲ್ಲಲ್ಲ ಎಂಬುದು ಅದರ ಸಾರ. ಕಿಂಗ್ ಅವರ ಹೆಸರು ಅದರಲ್ಲೆಲ್ಲಿಯೂ ಇರಲಿಲ್ಲ.

ಆ ಹೇಳಿಕೆ ಅಚ್ಚಾದ ಪತ್ರಿಕೆ ಸೆರೆಯೊಳಕ್ಕೆ ಬಂದಿತು. ಬರೆಯಲು ಕಾಗದವಿಲ್ಲದೆ ಪತ್ರಿಕೆಯ ಅಂಚಿನಲ್ಲಿಯೇ ಉತ್ತರವು ಮೊದಲಾಯಿತು. ಅಂಚು ತುಂಬಿದ ಮೇಲೆ, ಜೈಲಿನಲ್ಲಿ ಕೆಲಸಕ್ಕಿದ್ದ ಕರಿಯ ಕೈದಿಯೊಬ್ಬ ಒದಗಿಸಿದ ಚೂರುಪಾರು ಕಾಗದಗಳಲ್ಲಿ ಮುಂದುವರಿದು, ಕಡೆಗೆ ವಕೀಲರು ಬಿಟ್ಟುಹೋದ ಹಾಳೆಗಳಲ್ಲಿ ಮುಗಿಯಿತು. ವಕೀಲ ಕ್ಲಾರೆನ್ಸ್ ಜೋನ್ಸ್ ಆ ಚೂರುಗಳನ್ನು ಗುಟ್ಟಾಗಿ ಹೊರಗೆ ಸಾಗಿಸಿದರು. ಕಿಂಗ್ ಅವರ ಸಹೋದ್ಯೋಗಿ ವಯಟ್ ಟೀ ವಾಕರ್ ಆ ಗೋಜಲು ಬರಹವನ್ನು ಕಷ್ಟಪಟ್ಟು ಬಿಡಿಸಿ ಓದಿದಂತೆ ವಿಲ್ಲಿ ಪರ್ಲ್ ಮ್ಯಾಕಿ ಎಂಬಾಕೆ ಟೈಪು ಮಾಡಿದರು. ಪತ್ರದ ಮೇಲಿನ ತಾರೀಕು ಏಪ್ರಿಲ್ 16.

ಎಂಟು ಮಂದಿಯನ್ನು ದುಷ್ಟರೆಂದು ತಳ್ಳಿಬಿಡುವುದು ಸುಲಭ. ಆದರೆ ಅದು ಸತ್ಯಕ್ಕೆ ಅಪಚಾರ. ಆ ಜನವರಿಯಲ್ಲಿ ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ವರ್ಣವಿಭಜನೆಯೇ ಶಾಶ್ವತವೆಂದು ಘೋಷಿಸಿದಾಗ, ಅದನ್ನು ಕೊನೆಗಾಣಿಸುವ ನ್ಯಾಯಾಲಯದ ಆಜ್ಞೆಗೆ ತಲೆಬಾಗಬೇಕೆಂದು ಪ್ರಕಟಣೆ ಹೊರಡಿಸಿದವರಲ್ಲಿ ಇವರೂ ಇದ್ದರು. ಇವರಲ್ಲಿ ಒಬ್ಬರಾದ ಅರ್ಲ್ ಸ್ಟಾಲಿಂಗ್ಸ್ ಈಸ್ಟರ್ ಭಾನುವಾರ ತಮ್ಮ ಚರ್ಚಿಗೆ ಕರಿಯರನ್ನು ಬರಮಾಡಿಕೊಂಡರೆಂದು ಕಿಂಗ್ ಅವರೇ ಪತ್ರದಲ್ಲಿ ಹೆಸರು ಹೇಳಿ ಕೊಂಡಾಡಿದ್ದಾರೆ. ಅರ್ಧ ಒಪ್ಪಿ ಅರ್ಧ ಅಂಜಿದ ಇಂಥವರೊಡನೆ ಕಿಂಗ್ ಅವರು ವಾದಕ್ಕಿಳಿದರು.

ಆದುದರಿಂದಲೇ ಸಾಕ್ಷಿಗಳ ಆಯ್ಕೆಯಲ್ಲಿ ಅಷ್ಟು ಎಚ್ಚರ. ಅನ್ಯಾಯದ ಶಾಸನವು ಶಾಸನವೇ ಅಲ್ಲವೆಂಬುದಕ್ಕೆ ಸಂತ ಅಗಸ್ಟೀನ್ ಮತ್ತು ಅಕ್ವಿನಾಸ್. ರಬ್ಬಿಗೂ ಒಪ್ಪಿಗೆಯಾಗುವಂತೆ ಯೆಹೂದಿ ದಾರ್ಶನಿಕ ಮಾರ್ಟಿನ್ ಬೂಬರ್. ಹೊರಗಿನವನೆಂಬ ಆಕ್ಷೇಪಕ್ಕೆ ಊರೂರು ತಿರುಗಿ ಸುವಾರ್ತೆ ಸಾರಿದ ಸಂತ ಪೌಲ. 1959ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯವರ ದಾರಿಯನ್ನು ಅರಸಿ ತಿರುಗಿದ್ದ ಈ ಮನುಷ್ಯನು ಪತ್ರದಲ್ಲಿ ಗಾಂಧೀಜಿಯವರ ಹೆಸರನ್ನೇ ಎತ್ತಿಲ್ಲ. ಎದುರಾಳಿಯು ತಳ್ಳಿಹಾಕಲಾರದ ಪ್ರಮಾಣವೇ ಪ್ರಮಾಣವೆಂದು ಅವರು ಬಲ್ಲವರಾಗಿದ್ದರು.

ಎಲ್ಲಕ್ಕಿಂತ ಬೆರಗಿನದು, ಕಾಯಿರಿ ಎಂಬ ಉಪದೇಶಕ್ಕೆ ಕೊಟ್ಟ ಉತ್ತರ: 300ಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ಗುಂಪುಗಳು ನಡೆಸಿದ ಕೊಲೆಗಳು, ಪೊಲೀಸರ ಕ್ರೌರ್ಯ, ಹೋಟೆಲಿನಲ್ಲಿ ಎಡೆ ಸಿಗದೆ ಕಾರಿನಲ್ಲೇ ಕಳೆದ ರಾತ್ರಿಗಳು, ದೂರದರ್ಶನದ ಜಾಹೀರಾತನ್ನು ಕಂಡು ವಿನೋದವನಕ್ಕೆ ಹೋಗಬೇಕೆಂದು ಹಂಬಲಿಸಿದ ಆರು ವರ್ಷದ ಮಗಳಿಗೆ ಅಲ್ಲಿ ಕರಿಯ ಮಕ್ಕಳಿಗೆ ಪ್ರವೇಶವಿಲ್ಲವೆಂದು ಹೇಳಲು ನಾಲಗೆ ತಡವರಿಸುವ ತಂದೆ, ಹೀಗೆ ಒಂದರ ಮೇಲೊಂದು ಉಪವಾಕ್ಯ ಬರುತ್ತಲೇ ಇದ್ದು, ಕಾಯುವುದು ನಮಗೇಕೆ ದುಸ್ಸಾಧ್ಯವೆಂಬ ತೀರ್ಮಾನವು ಕಟ್ಟಕಡೆಗೆ ದೊರೆಯುತ್ತದೆ. ಅಷ್ಟು ಹೊತ್ತು ಓದುಗನೂ ಕಾಯಬೇಕು.

ಏಪ್ರಿಲ್ 20ರಂದು ಜಾಮೀನಿನ ಮೇಲೆ ಕಿಂಗ್ ಹೊರಬಂದರು. ಪತ್ರವು ಮೊದಲು ಕಿರುಹೊತ್ತಗೆಯಾಗಿ, ಜೂನಿನಲ್ಲಿ ‘ಕ್ರಿಶ್ಚಿಯನ್ ಸೆಂಚುರಿ’ಯಲ್ಲಿ, ಆಗಸ್ಟಿನಲ್ಲಿ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಅಚ್ಚಾಗಿ, ಮರುವರ್ಷ ಅವರ ಪುಸ್ತಕವೊಂದರ ಅಧ್ಯಾಯವಾಯಿತು. ಎಂಟು ಮಂದಿಯಲ್ಲಿ ಬಿಷಪ್ ಜೋಸೆಫ್ ಡ್ಯೂರಿಕ್ ಮುಂದೆ ಟೆನೆಸ್ಸೀ ಪ್ರಾಂತದಲ್ಲಿ ಕರಿಯರ ಹಕ್ಕುಗಳ ಪರವಾಗಿ ಬಹಿರಂಗವಾಗಿಯೇ ನಿಂತರು. ಅವರ ಹೆಸರನ್ನು ಇಂದು ಬಲ್ಲವರು ವಿರಳ. ಪತ್ರವನ್ನು ಇನ್ನು ಅಚ್ಚು ಹಾಕಿಸುವವರು ಆ ಎಂಟು ಹೆಸರುಗಳನ್ನೂ ಅವರ ಹೇಳಿಕೆಯನ್ನೂ ಮೊದಲ ಪುಟದಲ್ಲಿ ಇಟ್ಟು, ಅನಂತರ ಕಿಂಗ್ ಅವರಿಗೆ ಮಾತು ಬಿಟ್ಟುಕೊಡಲಿ.