ಸಂಜೆಯ ಪ್ರಾರ್ಥನೆ ರೋಮಿಗೆ ಮರಳಿದ ಬಗೆ

1556ರ ಮಾರ್ಚ್ 21ರಂದು ಆಕ್ಸ್‌ಫರ್ಡ್‌ನಲ್ಲಿ ಥಾಮಸ್ ಕ್ರಾನ್ಮರನನ್ನು ಜೀವಂತ ಸುಟ್ಟರು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷನಾಗಿದ್ದ ಆತ ಪೋಪರ ಅಧಿಕಾರವನ್ನು ಒಪ್ಪಲಿಲ್ಲ, ಬಲಿಪೂಜೆಯ ಬಗೆಗಿನ ಕಥೋಲಿಕ ಬೋಧನೆಯನ್ನು ಅಲ್ಲಗಳೆದ. ಕಥೋಲಿಕ ರಾಣಿ ಮೇರಿಯ ಆಡಳಿತಕ್ಕೆ ಅಷ್ಟೇ ಸಾಕಾಯಿತು. ಅದೇ ಕ್ರಾನ್ಮರ್ ರಚಿಸಿದ ಪ್ರಾರ್ಥನೆಯೊಂದನ್ನು ಇಂದು ಲಂಡನ್ನಿನ, ಹ್ಯೂಸ್ಟನ್ನಿನ ಕೆಲವು ಕಥೋಲಿಕ ದೇವಾಲಯಗಳಲ್ಲಿ, ಪರಮಪ್ರಸಾದ ಸ್ವೀಕರಿಸುವ ಮುನ್ನ, ಗುರುಗಳೂ ಜನರೂ ಮೊಣಕಾಲೂರಿ ಹೇಳುತ್ತಾರೆ. ಮೇಜಿನ ಕೆಳಗೆ ಬಿದ್ದ ಚೂರುಗಳಾದರೂ ಸಾಕೆಂದ ಸುವಾರ್ತೆಯ ಆ ಹೆಣ್ಣಿನ ಮಾತನ್ನು ನೆನಪಿಸುವ ಪ್ರಾರ್ಥನೆ ಅದು. ಹೇಳುತ್ತಿರುವವರು ಕದ್ದುಮುಚ್ಚಿ ಹೇಳುತ್ತಿಲ್ಲ. ರೋಮಿನ ಒಪ್ಪಿಗೆಯಿಂದ ಅಚ್ಚಾದ, 2015ರ ಆಗಮನ ಕಾಲದಿಂದ ಬಳಕೆಗೆ ಬಂದ ಪೂಜಾಗ್ರಂಥದಲ್ಲೇ ಅದು ಸೇರಿದೆ.

ಇದು ಸಾಧ್ಯವಾದದ್ದು 2009ರ ನವೆಂಬರ್‌ನಲ್ಲಿ ಹದಿನಾರನೆಯ ಬೆನೆಡಿಕ್ಟ್ ಹೊರಡಿಸಿದ 'ಆಂಗ್ಲಿಕಾನೋರುಮ್ ಚೇತಿಬುಸ್' ಎಂಬ ಶಾಸನದಿಂದ. ಆಂಗ್ಲಿಕನ್ ಸಭೆಯಿಂದ ಗುಂಪಾಗಿ ಬರುವವರು ತಮ್ಮ ಪೂಜಾವಿಧಿ, ಹಾಡು, ಪ್ರಾರ್ಥನೆಯ ರೂಢಿಗಳನ್ನು ಬಿಡದೆ ಕಥೋಲಿಕರಾಗಬಹುದು ಎಂದಿತು ಅದು. ಅದರಂತೆ 2011ರ ಜನವರಿಯಲ್ಲಿ ಇಂಗ್ಲೆಂಡಿನಲ್ಲೂ 2012ರಲ್ಲಿ ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲೂ 'ಆರ್ಡಿನರಿಯೇಟ್'ಗಳು ಹುಟ್ಟಿದವು. ಇವು ಹೆಚ್ಚುಕಡಿಮೆ ಧರ್ಮಪ್ರಾಂತ್ಯಗಳಂತೆಯೇ, ಆದರೆ ಸದಸ್ಯತ್ವಕ್ಕೆ ಊರಿನ ಎಲ್ಲೆ ಲೆಕ್ಕಕ್ಕಿಲ್ಲ, ಬಂದ ಪರಂಪರೆಯೇ ಲೆಕ್ಕ. ಮದುವೆಯಾದ ಆಂಗ್ಲಿಕನ್ ಪಾದ್ರಿಗಳಿಗೆ, ಒಬ್ಬೊಬ್ಬರ ಅರ್ಜಿಯನ್ನೂ ಪೋಪರು ನೋಡಿ ಒಪ್ಪಿದ ಮೇಲೆ, ಗುರುದೀಕ್ಷೆಯಾಗುತ್ತದೆ. ಪತ್ರಿಕೆಗಳೆಲ್ಲ ಹಿಡಿದುಕೊಂಡದ್ದು ಈ ಮದುವೆಯಾದ ಗುರುಗಳ ಸುದ್ದಿಯನ್ನೇ. ಅದರ ಹಿಂದೆಯೇ ಧೂಪ, ಕಸೂತಿಯ ಉಡುಪು, ಹಳೆಗಾಲದ ಇಂಗ್ಲಿಷಿನ ಸೊಗಸು ಎಂಬ ವರ್ಣನೆಗಳು ಬಂದವು. ನನ್ನ ದೃಷ್ಟಿಯಲ್ಲಿ ಇವೆಲ್ಲ ಪಕ್ಕದ ಸಂಗತಿಗಳು. ಆಂಗ್ಲಿಕನ್ನರು ಕಥೋಲಿಕ ಧರ್ಮಕೇಂದ್ರಕ್ಕೆ ಹೊತ್ತು ತಂದ ನಿಜವಾದ ಆಸ್ತಿ ಸಾಮಾನ್ಯ ಜನರ ದಿನನಿತ್ಯದ ಪ್ರಾರ್ಥನೆ, ಅದರಲ್ಲೂ ಸಂಜೆಯ ಪ್ರಾರ್ಥನೆ. ಅವರು ಇದನ್ನು 'ಈವನ್‌ಸಾಂಗ್' ಎನ್ನುತ್ತಾರೆ.

ಇದರ ಚರಿತ್ರೆ ಸ್ವಾರಸ್ಯದ್ದು. ಮಧ್ಯಯುಗದ ಮಠಗಳಲ್ಲಿ ಹಗಲಿರುಳು ಸೇರಿ ಎಂಟು ಹೊತ್ತಿನ ಪ್ರಾರ್ಥನೆಯಿತ್ತು, ಎಲ್ಲವೂ ಲ್ಯಾಟಿನ್‌ನಲ್ಲಿ. ಉಳುವವನಿಗೂ ನೇಯುವವನಿಗೂ ಅದರಲ್ಲಿ ಪಾಲಿರಲಿಲ್ಲ. ಕ್ರಾನ್ಮರ್ 1549ರ ಪ್ರಾರ್ಥನಾ ಪುಸ್ತಕದಲ್ಲಿ ಎಂಟನ್ನು ಎರಡಕ್ಕಿಳಿಸಿ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಮಾಡಿದ, ಇಂಗ್ಲಿಷಿಗೆ ತಂದ; 1552ರ ಪರಿಷ್ಕರಣೆಯಲ್ಲಿ ಊರಿನ ದೇವಾಲಯದ ಗಂಟೆ ಹೊಡೆದು ಜನರನ್ನು ಕರೆಯಬೇಕೆಂದ. ನೂರೈವತ್ತೂ ಕೀರ್ತನೆಗಳು ತಿಂಗಳಿಗೊಮ್ಮೆ ಪೂರ್ತಿಯಾಗುವಂತೆ ಹಂಚಿದ. ಈವನ್‌ಸಾಂಗ್ ಅನ್ನು ಗಮನವಿಟ್ಟು ಕೇಳಿದರೆ ಅದರ ಹೊಲಿಗೆ ಇಂದಿಗೂ ಕಾಣುತ್ತದೆ: ಹಳೆಯ ಒಡಂಬಡಿಕೆಯ ವಾಚನ ಮುಗಿದೊಡನೆ ಬರುವ ಮರಿಯಳ ಸ್ತುತಿಗೀತೆ ಮಠದ ಸಂಜೆಯ ಪೂಜೆಯದು; ಹೊಸ ಒಡಂಬಡಿಕೆಯ ವಾಚನದ ಮೇಲೆ ಬರುವ ಮುದುಕ ಸಿಮೆಯೋನನ ಗೀತೆ ಮಲಗುವ ಹೊತ್ತಿನ ಪೂಜೆಯದು. ಎರಡನ್ನೂ ಒಂದೇ ಹೊತ್ತಿಗೆ ಕೂಡಿಸಿದ್ದಾನೆ. ಹೀಗೆ ಸರಳಗೊಳಿಸುವ ಯೋಚನೆಯೂ ಪೂರ್ತಿ ಅವನದಲ್ಲ. ಪೋಪರೇ ಕೆಲಸ ವಹಿಸಿ, ಸ್ಪೇನಿನ ಕಾರ್ಡಿನಲ್ ಕಿನ್ಯೋನೆಸ್ 1535ರಲ್ಲಿ ಹೊರತಂದ ಪ್ರಾರ್ಥನಾ ಪುಸ್ತಕದ ಮುನ್ನುಡಿಯಿಂದ ಕ್ರಾನ್ಮರ್ ಧಾರಾಳವಾಗಿ ಎತ್ತಿಕೊಂಡಿದ್ದಾನೆ. ರೋಮು ಕಿನ್ಯೋನೆಸ್‌ನ ಪುಸ್ತಕವನ್ನು 1568ರಲ್ಲಿ ಕೈಬಿಟ್ಟಿತು. ಇಂಗ್ಲೆಂಡು ಆ ಯೋಚನೆಯನ್ನು ಬಿಡದೆ ಉಳಿಸಿಕೊಂಡಿತು. ಮುಂದೆ 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ, ಭಾನುವಾರ ಮತ್ತು ದೊಡ್ಡ ಹಬ್ಬಗಳಂದು ಸಂಜೆಯ ಪ್ರಾರ್ಥನೆಯನ್ನು ದೇವಾಲಯದಲ್ಲಿ ಜನರೊಡನೆ ನಡೆಸಬೇಕೆಂದು ಗುರುಗಳಿಗೆ ಹೇಳಿತು. ಬಹುಪಾಲು ಧರ್ಮಕೇಂದ್ರಗಳಲ್ಲಿ ಆ ಮಾತು ಕಾಗದದಲ್ಲೇ ಉಳಿಯಿತು. ಬಲಿಪೂಜೆಯೊಂದೇ ಸಾಮೂಹಿಕ ಪ್ರಾರ್ಥನೆ, ಗುರುಗಳಿಲ್ಲದಿದ್ದರೆ ದೇವಾಲಯಕ್ಕೆ ಬೀಗ ಎಂಬ ಸ್ಥಿತಿ ಎಷ್ಟೋ ಕಡೆ ಇದೆ. ಈವನ್‌ಸಾಂಗ್ ನಡೆಸಲು ಗುರುದೀಕ್ಷೆ ಬೇಕಿಲ್ಲ. ಗುರುಗಳ ಕೊರತೆಯಿರುವ ದೇಶಗಳ ಧರ್ಮಕೇಂದ್ರಗಳಿಗೆ ಇದಕ್ಕಿಂತ ಒದಗುವ ವಸ್ತು ಬೇರೊಂದು ನನಗೆ ತೋಚುವುದಿಲ್ಲ.

ಕಥೋಲಿಕ ನಂಬಿಕೆಯನ್ನು ನಿರಾಕರಿಸಿದವನ ಬರಹವನ್ನು ಕಥೋಲಿಕ ಪೀಠಕ್ಕೆ ತರುವುದು ಹೇಗೆ ಸರಿ ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಆದರೆ ರೋಮು ಕಣ್ಣುಮುಚ್ಚಿ ಎಲ್ಲವನ್ನೂ ಒಳಗೆ ಬಿಟ್ಟಿಲ್ಲ. ಬಲಿಪೂಜೆಯ ಹೃದಯವಾದ ಕೃತಜ್ಞತಾಸ್ತೋತ್ರದ ಜಾಗದಲ್ಲಿ ಕ್ರಾನ್ಮರನ ರಚನೆಯಿಲ್ಲ. ಅಲ್ಲಿರುವುದು ರೋಮಿನದೇ ಪ್ರಾಚೀನ ಪಾಠ. ಸುತ್ತಲಿನ ಪ್ರಾರ್ಥನೆಗಳನ್ನು ಮಾತ್ರ ಆರಿಸಿಕೊಳ್ಳಲಾಗಿದೆ. ಅವುಗಳಲ್ಲೂ ಕೆಲವಕ್ಕೆ ಮೂಲ ಹುಡುಕಿದರೆ ಮತ್ತೆ ಕಥೋಲಿಕ ಇಂಗ್ಲೆಂಡಿಗೇ ಹೋಗಿ ನಿಲ್ಲುತ್ತೇವೆ. ಹೃದಯಶುದ್ಧಿಯನ್ನು ಬೇಡುವ ಆರಂಭದ ಪ್ರಾರ್ಥನೆಯನ್ನೇ ನೋಡಿ. ಮಧ್ಯಯುಗದಲ್ಲಿ ಗುರುಗಳು ಪೂಜೆಗೆ ಸಿದ್ಧವಾಗುವಾಗ ತಮ್ಮಷ್ಟಕ್ಕೆ ಲ್ಯಾಟಿನ್‌ನಲ್ಲಿ ಹೇಳಿಕೊಳ್ಳುತ್ತಿದ್ದ ಮಾತದು. ಕ್ರಾನ್ಮರ್ ಅದನ್ನು ಇಂಗ್ಲಿಷಿಗೆ ತಂದು ಇಡೀ ಸಭೆಯೆದುರು ಗಟ್ಟಿಯಾಗಿ ಹೇಳುವಂತೆ ಮಾಡಿದ. ಬರೆದವನ ತಪ್ಪು ನಂಬಿಕೆಗಳೆಲ್ಲ ಅವನ ಪ್ರತಿಯೊಂದು ವಾಕ್ಯಕ್ಕೂ ಅಂಟಿಕೊಂಡಿರುತ್ತವೆ ಎಂದು ಹಟ ಹಿಡಿದರೆ ಪ್ರಪಂಚದ ಯಾವ ಪ್ರಾರ್ಥನಾ ಪುಸ್ತಕವೂ ಉಳಿಯಲಾರದು.

ಇನ್ನೊಂದು ದೂರು ಆಂಗ್ಲಿಕನ್ನರ ಕಡೆಯಿಂದಲೇ ಬಂತು: ರೋಮು ನಮ್ಮ ಕೊಳದಲ್ಲಿ ಬಲೆ ಬೀಸುತ್ತಿದೆ. ಕ್ಯಾಂಟರ್ಬರಿಯ ಅಂದಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ರೋವನ್ ವಿಲಿಯಮ್ಸ್ ಅವರಿಗೆ ವಿಷಯ ಗೊತ್ತಾದದ್ದು ತೀರ ಕೊನೆಯ ಗಳಿಗೆಯಲ್ಲಿ. ಹಾಗಿದ್ದೂ 2009ರ ಅಕ್ಟೋಬರ್ 20ರಂದು ಅವರು ವೆಸ್ಟ್‌ಮಿನ್‌ಸ್ಟರ್‌ನ ಕಥೋಲಿಕ ಮಹಾಧರ್ಮಾಧ್ಯಕ್ಷರ ಪಕ್ಕದಲ್ಲಿ ಕೂತು ಪತ್ರಿಕಾಗೋಷ್ಠಿ ನಡೆಸಬೇಕಾಯಿತು. ರೋಮಿನ ನಡತೆ ಸೌಜನ್ಯದ್ದಾಗಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಬಾಗಿಲು ತಟ್ಟಿದವರು ಆಂಗ್ಲಿಕನ್ ಗುಂಪುಗಳೇ ಎಂಬುದೂ ಅಷ್ಟೇ ನಿಜ. ಬಂದವರಲ್ಲಿ ಬಹಳ ಮಂದಿ ಮಹಿಳೆಯರ ಗುರುದೀಕ್ಷೆಯನ್ನು ಒಪ್ಪದವರು ಎಂಬ ಟೀಕೆ ಇನ್ನೂ ಮೊನಚಾದದ್ದು. ಇಂಗ್ಲೆಂಡಿನ ಸಭೆ 1992ರಲ್ಲಿ ಮತ ಹಾಕಿ, 1994ರಲ್ಲಿ ಮಹಿಳೆಯರಿಗೆ ದೀಕ್ಷೆ ಕೊಟ್ಟಿತು. ಹಲವರು ಹೊರಡಲು ಅದೇ ನೆವವಾಯಿತು. ಸಿಟ್ಟಿನಿಂದ ಮನೆ ಬಿಟ್ಟವರು ಹೊಸ ಮನೆಗೆ ಸಿಟ್ಟನ್ನೂ ತರುತ್ತಾರೆಂಬ ಅಳುಕು ಸಹಜ. ಆದರೂ ಕಥೆ ಅಲ್ಲಿಂದ ಆರಂಭವಾದದ್ದಲ್ಲ. 1980ರಲ್ಲೇ ಎರಡನೆಯ ಜಾನ್ ಪಾಲ್ ಅಮೆರಿಕದವರಿಗೆ ಇಂಥ ಅವಕಾಶ ಕೊಟ್ಟಿದ್ದರು, 1983ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅಂಥ ಮೊದಲ ಧರ್ಮಕೇಂದ್ರ ಎದ್ದಿತ್ತು. ಆಂಗ್ಲಿಕನ್ನರಿಗೆ ರೂಢಿಯಾಗಿದ್ದ, ಸಮಾಲೋಚಿಸಿ ಆಳುವ ಪದ್ಧತಿಗೂ ಹೊಸ ಶಾಸನದಲ್ಲಿ ಜಾಗ ಸಿಕ್ಕಿತು: ಮುಖ್ಯಸ್ಥರ ಆಯ್ಕೆಗೆ ಮೂರು ಹೆಸರನ್ನು ರೋಮಿಗೆ ಕಳಿಸುವುದು ಅಲ್ಲಿನ ಗುರುಗಳ ಆಡಳಿತ ಮಂಡಳಿ. ಉಳಿದ ಲ್ಯಾಟಿನ್ ಧರ್ಮಪ್ರಾಂತ್ಯಗಳ ಗುರುಗಳು ಇದನ್ನು ಅಸೂಯೆಯಿಂದ ನೋಡಿದರೆ ಆಶ್ಚರ್ಯವಿಲ್ಲ.

ಒಂದೇ ಊರಿನಲ್ಲಿ ಎರಡು ಬಗೆಯ ಪೂಜೆ, ಇಬ್ಬರು ಧರ್ಮಾಧ್ಯಕ್ಷರು ಎಂದರೆ ಗೊಂದಲವಲ್ಲವೇ ಎಂಬ ಪ್ರಶ್ನೆ ಕರ್ನಾಟಕದವರಿಗೆ ಅಷ್ಟಾಗಿ ಕಾಡಬಾರದು. ದಕ್ಷಿಣ ಕನ್ನಡದಲ್ಲಿ ಮಂಗಳೂರಿನ ಲ್ಯಾಟಿನ್ ಧರ್ಮಪ್ರಾಂತ್ಯದ ಜೊತೆಗೆ ಬೆಳ್ತಂಗಡಿಯಲ್ಲಿ ಸಿರೋ ಮಲಬಾರ್, ಪುತ್ತೂರಿನಲ್ಲಿ ಸಿರೋ ಮಲಂಕರ ಧರ್ಮಪ್ರಾಂತ್ಯಗಳಿವೆ. ಮೂವರಿಗೂ ಪೋಪರು ಒಬ್ಬರೇ. ಸಿರೋ ಮಲಂಕರದವರಂತೂ 1930ರಲ್ಲಿ ಮಾರ್ ಇವಾನಿಯೋಸ್ ನೇತೃತ್ವದಲ್ಲಿ ತಮ್ಮ ಪೂಜಾವಿಧಿಯೊಡನೆಯೇ ರೋಮನ್ನು ಸೇರಿದವರು. ಒಂದು ವ್ಯತ್ಯಾಸವಿದೆ: ಅವರದು ಸ್ವಂತ ಕಾನೂನಿನ ಪೌರ್ವಾತ್ಯ ಸಭೆ, ಆರ್ಡಿನರಿಯೇಟ್ ಲ್ಯಾಟಿನ್ ಸಭೆಯೊಳಗಿನದೇ ಒಂದು ಭಾಗ. ಭಾರತದಲ್ಲಿ ಆರ್ಡಿನರಿಯೇಟ್ ಇಲ್ಲ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಕಟ್ಟಿದ ಆಂಗ್ಲಿಕನ್ ಪರಂಪರೆ ದಕ್ಷಿಣದಲ್ಲಿ 1947ರಲ್ಲೇ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಒಳಗೆ ಸೇರಿಹೋಯಿತು.

ಪರಂಪರೆಯೊಂದು ಸಭೆಯ ಗಡಿ ದಾಟಲು ಶಾಸನಕ್ಕಾಗಿ ಕಾಯುವುದೂ ಇಲ್ಲ. ಬಿ.ಎಂ.ಶ್ರೀಯವರು 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಕನ್ನಡಿಸಿದ, ಬೆಳಕನ್ನು ಕೈಹಿಡಿದು ನಡೆಸೆಂದು ಬೇಡುವ ಆ ಹೆಸರಾಂತ ಪ್ರಾರ್ಥನೆಯನ್ನು ಜಾನ್ ಹೆನ್ರಿ ನ್ಯೂಮನ್ ಬರೆದದ್ದು 1833ರಲ್ಲಿ, ಆಂಗ್ಲಿಕನ್ ಪಾದ್ರಿಯಾಗಿದ್ದಾಗ. ಅವರು ಕಥೋಲಿಕರಾದದ್ದು ಹನ್ನೆರಡು ವರ್ಷಗಳ ಮೇಲೆ, ಸಂತ ಪದವಿ ಸಿಕ್ಕಿದ್ದು 2019ರಲ್ಲಿ. ಹಾಡು ಅಷ್ಟರಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಎಲ್ಲರದಾಗಿತ್ತು. ಆರ್ಡಿನರಿಯೇಟ್‌ಗಳ ಮುಂದಿರುವ ಕಷ್ಟದ ಪ್ರಶ್ನೆಯೂ ಇದೇ ಬಗೆಯದು. ಮೊದಲು ಬಂದ ಪಾದ್ರಿಗಳಿಗೆ ವಯಸ್ಸಾಗುತ್ತಿದೆ. ಮುಂದಿನವರಿಗೆ ಬ್ರಹ್ಮಚರ್ಯವೇ ನಿಯಮ. ಆಂಗ್ಲಿಕನ್ನರಾಗಿದ್ದವರು ಮಾತ್ರ ಸದಸ್ಯರಾಗಬೇಕೆಂದರೆ ಒಂದೆರಡು ತಲೆಮಾರಿಗೆ ಎಲ್ಲ ಮುಗಿಯುತ್ತದೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ನಿಯಮವನ್ನು ತುಸು ಸಡಿಲಿಸಿ, ದೀಕ್ಷಾಸ್ನಾನವಾಗಿಯೂ ದೃಢೀಕರಣದಂಥ ಸಂಸ್ಕಾರಗಳನ್ನು ಪೂರೈಸದೆ ಉಳಿದ ಕಥೋಲಿಕರನ್ನೂ ಸೇರಿಸಿಕೊಳ್ಳಬಹುದೆಂದರು. ಸದಸ್ಯರಲ್ಲದ ಕಥೋಲಿಕರೂ ಅಲ್ಲಿನ ಪೂಜೆಗೆ ಹೋಗಲು ಯಾವ ಅಡ್ಡಿಯೂ ಇಲ್ಲ. ಆಂಗ್ಲಿಕನ್ ಸಭೆಯ ಹೊಸಿಲನ್ನೇ ತುಳಿಯದ ಮಕ್ಕಳು ಈಗ ಆ ಧರ್ಮಕೇಂದ್ರಗಳಲ್ಲಿ ಮರಿಯಳ ಗೀತೆಯನ್ನೂ ಸಿಮೆಯೋನನ ಗೀತೆಯನ್ನೂ ಒಂದೇ ಸಂಜೆ ಹಾಡಿಕೊಂಡು ಬೆಳೆಯುತ್ತಿದ್ದಾರೆ.